ಹಂದಿಗೋಡು ಕಲಿಸಿದ್ದು

ಎಂಡಿ, ಎಂಎಸ್ ಓದುವ ಪ್ರತಿ ವೈದ್ಯರೂ ಸಂಶೋಧನಾ ಪ್ರಬಂಧ ಬರೆಯಲೇಬೇಕು. ನನ್ನ ಪ್ರಶ್ನೆ, ಯಾರ ನೋವಿನ ಮೇಲೆ?

1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲು ಹಿಡಿದು ಜನ ನೆಲ ಹಿಡಿದರು. ಬಹುತೇಕರು ನಮ್ಮವರೇ: ಚನ್ನಂಗಿ, ಛಲವಾದಿ. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದಿದ್ದಕ್ಕೆ ಅಂತ ಗುಮಾನಿ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷಿಸಿದರು. ಇದು ವಂಶಪಾರಂಪರ್ಯದ ಮೂಳೆರೋಗ ಎಂದು ಮುಂದಿನ ಅಧ್ಯಯನಗಳು ಹೇಳಿದವು. ವೈದ್ಯರು ಕೇಳಿದ್ದಕ್ಕೇ ಕೇರಿಯ ನೋವಿಗೊಂದು ಹೆಸರು ಸಿಕ್ತು.

ಈಗ ಪಿಜಿ ವೈದ್ಯರು 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವಿದೆ. ನಮ್ಮ ಸಮೀರವಾಡಿ ಸುತ್ತ ಬಿಸಿಲಾಗ ಕಬ್ಬು ಕಡಿಯೋರ ಕಿಡ್ನಿ, ಸೊಂಟ ಅವರ ಪ್ರಬಂಧದ ವಿಷಯ ಆಗಲಿ. ಗೈಡುಗಳು ಬಿಡುವು ಕೊಡಲಿ, ಸರ್ಕಾರ ಖರ್ಚು ಕೊಡಲಿ. ನಮ್ಮ ಮಕ್ಕಳೂ ಪಿಜಿ ಸೀಟು ಹಿಡಿದು ಪ್ರಶ್ನೆ ಕೇಳಲಿ.

ಜೈ ಭೀಮ್.