ಹೊತ್ತಿ ಉರಿದ ನದಿಯ ಲೆಕ್ಕ

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ವಿಜ್ಞಾನದ ಜೊತೆಗಿನ ನನ್ನ ಸಂಬಂಧ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಅಂಥ ನಾನು ಒಂದು ಚಳಿಗಾಲ ಪೂರ್ತಿ ಪರಿಸರ ವಿಜ್ಞಾನದ ಸ್ನಾತಕೋತ್ತರ ಸೆಮಿನಾರಿನಲ್ಲಿ ಕುಳಿತಿದ್ದೆ ಎಂದರೆ ಅದಕ್ಕೆ ಕಾರಣ ಕ್ಲೀವ್‌ಲ್ಯಾಂಡಿನ ಹಿಮ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ನನ್ನ ಹೆಂಡತಿ ಮತ್ತೆ ಓದಲು ಸೇರಿದಳು. ತರಗತಿ ಸಂಜೆ ಆರಕ್ಕೆ. ಹಿಮ ಬಿದ್ದ ರಸ್ತೆಯಲ್ಲಿ ಕಾರು ಓಡಿಸಲು ಅವಳಿಗೆ ಭಯ. ಅವಳನ್ನು ಬಿಟ್ಟು ಕಾರಿಡಾರಿನಲ್ಲಿ ಕಾಯುತ್ತಿದ್ದ ನನ್ನನ್ನು ಪ್ರೊಫೆಸರರೇ ಒಳಗೆ ಕರೆದು ಹಿಂದಿನ ಕುರ್ಚಿ ತೋರಿಸಿದರು.

ವಾರಕ್ಕೊಬ್ಬ ವಿದ್ಯಾರ್ಥಿ ಪರಿಸರದ ಒಂದು ಪ್ರಚಲಿತ ಸಮಸ್ಯೆಯನ್ನು ಮಂಡಿಸಬೇಕಿತ್ತು. ಪ್ಲಾಸ್ಟಿಕ್ ಕಣಗಳು, ಈರಿ ಸರೋವರದ ಪಾಚಿ, ಕುಡಿಯುವ ನೀರಿನ ಸೀಸದ ಕೊಳವೆಗಳು, ಹೀಗೆ. ನನ್ನಾಕೆ ಆರಿಸಿಕೊಂಡದ್ದು ಊರ ನಡುವೆ ಹರಿಯುವ ಕಯಹೋಗ ನದಿಯನ್ನು. ಬೆಂಗಳೂರಿನಲ್ಲಿ ನಾವಿದ್ದ ಮನೆ ಬೆಳ್ಳಂದೂರು ಕೆರೆಗೆ ದೂರವಿರಲಿಲ್ಲ. ಬೆಂಕಿ ಬಿದ್ದ ನೀರಿನ ಸುದ್ದಿ ನಮಗೆ ಹೊಸದಲ್ಲ. “ಅಂಕಿಸಂಖ್ಯೆ ನೀವೇ ನೋಡಿಕೊಡಿ ರೀ” ಎಂದಳು. ಹಾಗೆ ನದಿಯ ಕಡತ ನನ್ನ ಮೇಜಿಗೆ ಬಂತು.

ಅಮೆರಿಕದ ಪಠ್ಯಪುಸ್ತಕಗಳಲ್ಲಿ ಈ ಕಥೆ ಸರಳವಾಗಿದೆ. 1969ರ ಜೂನ್ 22ರ ಭಾನುವಾರ ಎಣ್ಣೆ ಮತ್ತು ಕಸ ತೇಲುತ್ತಿದ್ದ ಕಯಹೋಗ ನದಿಗೆ ಬೆಂಕಿ ಹತ್ತಿತು, ದೇಶ ಎಚ್ಚೆತ್ತಿತು, ಕಾನೂನು ಬಂತು. ಆದರೆ ಲೆಕ್ಕ ನೋಡುವವನಿಗೆ ಇದು ತಾಳೆಯಾಗುವುದಿಲ್ಲ. ಆ ಬೆಂಕಿ ಅರ್ಧ ಗಂಟೆಯೊಳಗೆ ಆರಿತ್ತು. ಎರಡು ರೈಲು ಸೇತುವೆಗಳಿಗೆ ಆದ ನಷ್ಟ ಸುಮಾರು 50,000 ಡಾಲರ್. 1952ರಲ್ಲಿ ಇದೇ ನದಿ ಉರಿದಾಗ ನಷ್ಟ 13 ಲಕ್ಷ ಡಾಲರ್ ದಾಟಿತ್ತು. 1912ರ ಬೆಂಕಿಯಲ್ಲಿ ಐವರು ಸತ್ತಿದ್ದರು. 1868ರಿಂದ ಎಣಿಸಿದರೆ ಈ ನದಿ ಕನಿಷ್ಠ ಹದಿಮೂರು ಸಲ ಹೊತ್ತಿಕೊಂಡಿದೆ. 1969ರ ಬೆಂಕಿ ಎಷ್ಟು ಸಣ್ಣದೆಂದರೆ, ‘ಟೈಮ್’ ಪತ್ರಿಕೆ ಆಗಸ್ಟಿನಲ್ಲಿ ಈ ಸುದ್ದಿಯನ್ನು ದೇಶಕ್ಕೆಲ್ಲ ಹರಡಿದಾಗ ಜೊತೆಗೆ ಹಾಕಿದ್ದು 1952ರ ಚಿತ್ರವನ್ನು.

ಹಾಗಾದರೆ ಹಿಂದಿನ ಬೆಂಕಿಗಳಿಗೆ ಯಾರೂ ಯಾಕೆ ಏಳಲಿಲ್ಲ? ರಾಕ್‌ಫೆಲ್ಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಸ್ಥಾಪಿಸಿದ್ದು ಈ ಊರಿನಲ್ಲೇ. ಎಣ್ಣೆ, ಉಕ್ಕು, ಬಣ್ಣದ ಕಾರ್ಖಾನೆಗಳು ನದಿಯ ದಂಡೆಯಲ್ಲೇ ಬೆಳೆದವು. ನದಿ ಕೊಳೆತರೆ ಊರಿಗೆ ಕೂಲಿ ಇದೆ ಎಂದರ್ಥ. ಕಾರ್ಖಾನೆಯ ಲಾಭ ಅದರ ಪುಸ್ತಕದಲ್ಲಿ ಜಮೆಯಾಯಿತು. ಕೊಳೆಯ ಖರ್ಚು ಯಾರ ಪುಸ್ತಕಕ್ಕೂ ಬರಲಿಲ್ಲ.

ಆ ಖರ್ಚನ್ನು ಪುಸ್ತಕಕ್ಕೆ ತರುವ ಕೆಲಸ ಬೆಂಕಿಗಿಂತ ಮೊದಲೇ ಶುರುವಾಗಿತ್ತು ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ. 1968ರ ನವೆಂಬರಿನಲ್ಲೇ ಕ್ಲೀವ್‌ಲ್ಯಾಂಡಿನ ಮತದಾರರು ನದಿ ಶುದ್ಧಿಗೆ 10 ಕೋಟಿ ಡಾಲರಿನ ಬಾಂಡಿಗೆ ಒಪ್ಪಿಗೆ ಕೊಟ್ಟಿದ್ದರು. ಆಗಿನ ಮೇಯರ್ ಕಾರ್ಲ್ ಸ್ಟೋಕ್ಸ್, ಅಮೆರಿಕದ ದೊಡ್ಡ ನಗರವೊಂದಕ್ಕೆ ಚುನಾಯಿತರಾದ ಮೊದಲ ಕರಿಯ ಮೇಯರ್. ಬೆಂಕಿಯ ಮರುದಿನವೇ ಪತ್ರಕರ್ತರನ್ನು ನದಿಯ ದಂಡೆಗೆ ಕರೆದೊಯ್ದು ಕೊಳವೆಗಳನ್ನು ತೋರಿಸಿದರು. ಅವರ ಅಣ್ಣ ಲೂಯಿಸ್ ಸ್ಟೋಕ್ಸ್ ಆಗ ವಾಷಿಂಗ್ಟನ್ನಿನಲ್ಲಿ ಸಂಸದ. 1970ರ ಡಿಸೆಂಬರಿನಲ್ಲಿ ಪರಿಸರ ರಕ್ಷಣಾ ಸಂಸ್ಥೆ ಹುಟ್ಟಿತು. 1972ರ ಶುದ್ಧ ನೀರಿನ ಕಾಯ್ದೆಯನ್ನು ಅಧ್ಯಕ್ಷ ನಿಕ್ಸನ್ ಖರ್ಚು ವಿಪರೀತವೆಂದು ತಡೆಹಿಡಿದರೂ ಸಂಸತ್ತು ಅದನ್ನು ಮೀರಿ ಜಾರಿಗೆ ತಂದಿತು.

ಆ ಕಾಯ್ದೆಯ ಒಂದು ಅಂಶ ನನಗೆ ತೀರಾ ಪರಿಚಿತ ಅನಿಸಿತು. ನದಿಗೆ ಬೀಳುವ ಕಾರ್ಖಾನೆಯ, ಒಳಚರಂಡಿ ಘಟಕದ ಕೊಳವೆಗೆ ಪರವಾನಗಿ ಬೇಕು. ಬಿಟ್ಟ ನೀರನ್ನು ಅಳೆದು ಕಾಲಕಾಲಕ್ಕೆ ವರದಿ ಸಲ್ಲಿಸಬೇಕು. ಜವಾಬ್ದಾರಿಯುತ ಅಧಿಕಾರಿ ಸಹಿ ಹಾಕಬೇಕು. ಸುಳ್ಳು ಬರೆದರೆ ಅಪರಾಧ. ವರದಿಯನ್ನು ಯಾರು ಬೇಕಾದರೂ ನೋಡಬಹುದು, ನಾಗರಿಕರೇ ದಾವೆ ಹೂಡಬಹುದು. ನದಿಗೂ ಒಂದು ರಿಟರ್ನ್ ಫೈಲ್ ಆಗತೊಡಗಿತು! ಎಷ್ಟೋ ಉಕ್ಕಿನ ಕಾರ್ಖಾನೆಗಳು ಮುಚ್ಚಿದ್ದೂ ನದಿಗೆ ನೆರವಾಯಿತು ಎನ್ನುವುದನ್ನು ಮರೆಯಬಾರದು. ಆ ಖರ್ಚನ್ನು ಕೆಲಸ ಕಳೆದುಕೊಂಡವರು ತೆತ್ತರು. 2019ರಲ್ಲಿ, ಬೆಂಕಿಯ ಐವತ್ತನೆಯ ವರ್ಷ, ಈ ನದಿಯ ಮೀನನ್ನು ಮಿತಿಯಲ್ಲಿ ತಿನ್ನಬಹುದೆಂದು ಒಹಾಯೊ ಸರ್ಕಾರ ಸಾರಿತು.

ಭಾರತವೂ ತಡಮಾಡಿರಲಿಲ್ಲ. ನಮ್ಮ ಜಲಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ, ಅಮೆರಿಕದ ಕಾಯ್ದೆಯ ಎರಡೇ ವರ್ಷಕ್ಕೆ. ಆದರೂ 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿತ್ತು. 2017ರಲ್ಲಿ, 2018ರಲ್ಲಿ ಮತ್ತೆ. ಕೊನೆಯ ಸಲ ಆರಿಸಲು ಸೇನೆಯ ಯೋಧರು ಬರಬೇಕಾಯಿತು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು.

ಮಂಡನೆ ಮುಗಿದ ಮೇಲೆ ಯಾರೋ ಕೇಳಿದರು: “ಕಾನೂನು ಇದ್ದೂ ಯಾಕೆ ಹೀಗಾಯಿತು?” ಪ್ರೊಫೆಸರರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ನಕ್ಕು ಸುಮ್ಮನಾದೆ.

ಮನೆಗೆ ಹೋಗುವಾಗ ಹೆಂಡತಿಗೆ ಹೇಳಿದೆ. ಆರ್ಟಿಕಲ್‌ಶಿಪ್ಪಿನ ದಿನಗಳಲ್ಲಿ ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಗೆ ಆಡಿಟ್‌ಗೆ ಹೋಗಿದ್ದೆ. ಕೊಳಚೆ ನೀರು ಶುದ್ಧ ಮಾಡುವ ಯಂತ್ರಕ್ಕೆ ಆಗ ನೂರಕ್ಕೆ ನೂರು ಸವಕಳಿ ಸಿಗುತ್ತಿತ್ತು, ಅವರು ತೆಗೆದುಕೊಂಡಿದ್ದರು. ಬಿಲ್ಲು, ವೋಚರು ಎಲ್ಲ ಸರಿಯಾಗಿದ್ದವು. ಆದರೆ ಆ ಯಂತ್ರದ ವಿದ್ಯುತ್ ಮೀಟರಿನ ರೀಡಿಂಗ್ ತಿಂಗಳಿಂದ ತಿಂಗಳಿಗೆ ಬದಲಾಗಿಯೇ ಇರಲಿಲ್ಲ. ಸೀನಿಯರಿಗೆ ತೋರಿಸಿದೆ. “ಯಂತ್ರ ಇದೆಯೇನಪ್ಪಾ? ಬಿಲ್ ಇದೆಯಾ? ಮುಂದೆ ಹೋಗು” ಎಂದರು. ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ ಮುಂದೆ ಹೋದೆ. ಕಾರ್ಖಾನೆಯ ಹಿಂದೆ ಒಂದು ರಾಜಕಾಲುವೆ ಇತ್ತು. ಅದು ಯಾವ ಕೆರೆಗೆ ಸೇರುತ್ತದೆ ಎಂದು ನಾನು ಕೇಳಲಿಲ್ಲ.

“ಸಹಿ ಯಾರದಿತ್ತು?” ಎಂದಳು.

“ಅವರದು. ಟಿಕ್ ಮಾತ್ರ ನನ್ನದು.”

ಅವಳು ಏನೂ ಹೇಳಲಿಲ್ಲ. ಕಾರು ಸೇತುವೆಯ ಮೇಲಿತ್ತು. ಕೆಳಗೆ ಕತ್ತಲಲ್ಲಿ ನದಿ ಹರಿಯುತ್ತಿತ್ತು.