ಎಲ್ಲದಕ್ಕೂ ಒಂದೇ ನವರಸ

ವಿಜಯಪುರದಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ. ಕುಮಾರ ವಾಲ್ಮೀಕಿಯ ರಾಮಾಯಣದಿಂದ ಈ ಹೆಸರು ನಮಗೆಲ್ಲ ಗೊತ್ತು. ಇಲ್ಲೇ 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಹೊಸ ಊರು ಕಟ್ಟಿಸಲು ಶುರು ಮಾಡಿದ. ಹೆಸರು ನವರಸಪುರ. ಅವನ ಹಾಡುಗಳ ಪುಸ್ತಕ ಕಿತಾಬ್-ಎ-ನವರಸ್. ಅರಮನೆಗೂ ನವರಸ, ನಾಣ್ಯಕ್ಕೂ ನವರಸ!

ನಮ್ಮ ಭಾಷೆಯಲ್ಲಿ ಇದು ಪ್ರಿಫಿಕ್ಸ್. 'ನವರಸ' ಅಂದರೆ ಯಾರದ್ದು ಅಂತ ಗೊತ್ತಾಗುತ್ತೆ, 'ಪುರ' ಅಂದರೆ ಏನು ಅಂತ ಗೊತ್ತಾಗುತ್ತೆ. ಎರಡೂ ಬೇಕು ನೋಡಿ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದರು. 1979ರಲ್ಲಿ ಯೂನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ಬಂತು. ಆದರೆ ಹೆಸರಿಡಲು ನಮಗೊಬ್ಬ ಇಬ್ರಾಹಿಂ ಸಿಗಲಿಲ್ಲ! 'ಸಿಫ್ಲ್ಯಾಗ್ಸ್' ಸಿ ಕಂಪೈಲರಿಗೆ, ಸರಿ. 'ಸಿಪಿಪಿಫ್ಲ್ಯಾಗ್ಸ್' ಸಿ++ಗೆ ಅಂದುಕೊಂಡಿರಾ? ಅಲ್ಲ, ಅದು ಪ್ರಿಪ್ರೊಸೆಸರಿಗೆ. ಸಿ++ಗೆ 'ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್'. ಕೊನೆಯ ಒಂದಕ್ಷರ ಬಿಟ್ಟರೂ ಮೇಕ್ ಬೈಯುವುದಿಲ್ಲ, ಬೆಲೆ ಖಾಲಿ ಅಂತ ಸುಮ್ಮನೆ ಮುಂದೆ ಹೋಗುತ್ತೆ. ತೊಂದರೆ ಗೊತ್ತಾಗುವುದು ಪ್ರೋಗ್ರಾಂ ಗಿರಾಕಿಯ ಕೈ ಸೇರಿದ ಮೇಲೆ.

1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. ಊರು ಹೋಯಿತು, ಹೆಸರು ಉಳಿಯಿತು. ಬಿಲ್ಡ್ ಫೈಲ್ ಬರೆದವನು ಕಂಪನಿ ಬಿಟ್ಟ ಮೇಲೂ ಅವನಿಟ್ಟ ಹೆಸರುಗಳು ಇರುತ್ತವೆ. ಸ್ವಲ್ಪ ಯೋಚಿಸಿ ಇಡೋಣ, ಏನಂತೀರಿ?