ಚಿತ್ರಶಾಲೆಯ ಹೊಸ್ತಿಲಲ್ಲಿ

ಬೇಡಕಿಹಾಳದಿಂದ ನಿಪ್ಪಾಣಿಗೆ ಬಂದು ಪುಣೆಯ ಹೆದ್ದಾರಿ ಹಿಡಿದರೆ ಕೊಲ್ಹಾಪುರ ದೂರವೇನಲ್ಲ. ಅಬಾಲಾಲ ರಹಿಮಾನ್, ಬಾಬೂರಾವ್ ಪೇಂಟರ್ ಅಂಥವರು ಬಾಳಿದ ಊರು ಅದು. ಆದರೂ ಚಿತ್ರಕಲೆಯನ್ನು ಶಾಸ್ತ್ರೋಕ್ತವಾಗಿ ಓದಿ ಡಿಪ್ಲೊಮಾ ಪಡೆಯಬೇಕೆಂಬ ಹುಡುಗನ ಕಣ್ಣು ಮುಂಬಯಿಯ ಕಡೆಗೇ ಹೊರಳುತ್ತಿತ್ತು. 1956ರ ನವೆಂಬರ್ 1ರವರೆಗೆ ಚಿಕ್ಕೋಡಿ ತಾಲೂಕು ಮುಂಬಯಿ ಆಡಳಿತಕ್ಕೆ ಸೇರಿದ್ದಿತೆಂಬುದನ್ನು ವಾಚಕರು ಬಲ್ಲಿರಿ.

ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ ಆರಂಭವಾದುದು 1857ರಲ್ಲಿ. ಜಮಶೇಟಜಿ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿ ಅದರ ಮೂಲಧನ. ಮುಂದೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರಕಾರಿ ಚಿತ್ರಕಲಾ ಪರೀಕ್ಷೆಗಳು ನಮ್ಮ ಹಳ್ಳಿಯ ಶಾಲೆಗಳವರೆಗೂ ಬಂದವು. ಮೇಜಿನ ಮೇಲೆ ತಂಬಿಗೆ, ಪೆಟ್ಟಿಗೆಗಳನ್ನಿಟ್ಟು ನೆರಳು ಬೆಳಕು ತೋರಿಸುವುದು, ನೆನಪಿನಿಂದ ಚಿತ್ರ ಬರೆಯುವುದು, ನಕ್ಷೆ, ಭೂಮಿತಿ, ಅಕ್ಷರ ಬರೆಹ, ಇವಿಷ್ಟು ಪಾಠ. ಇವುಗಳಲ್ಲಿ ತೇರ್ಗಡೆಯಾದರೆ ಮುಂದೆ ಡ್ರಾಯಿಂಗ್ ಮಾಸ್ತರನಾಗುವ ದಾರಿ ತೆರೆಯುವುದು. ಮಗ ಗೆರೆ ಗೀಚಿ ಹೊಟ್ಟೆ ಹೊರೆದಾನೆಯೆ ಎಂದು ಕೇಳುವ ತಂದೆಗೆ ಕೊಡಬಹುದಾಗಿದ್ದ ಗಟ್ಟಿ ಉತ್ತರ ಅದೊಂದೇ.

ಈ ಪರೀಕ್ಷೆಗಳಿಗೂ ಆ ದೊಡ್ಡ ಶಾಲೆಗೂ ನಡುವೆ ಒಂದು ಕಂದಕವಿತ್ತು. ಅದನ್ನು ತುಂಬಿದವು ಚಿಕ್ಕ ಖಾಸಗಿ ಚಿತ್ರಶಾಲೆಗಳು. ಮುಂಬಯಿಯಲ್ಲಿ ಕನ್ನಡಿಗರಾದ ಜಿ. ಎಸ್. ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವನ್ನೇ ನೋಡಿರಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯನ್ನು ಬಿಟ್ಟು ಬಂದು ಮೊದಲು ಕೈ ಪಳಗಿಸಿದ್ದು ಇಲ್ಲಿ, ಜೆ. ಜೆ. ಶಾಲೆಯ ಡಿಪ್ಲೊಮಾ ದೊರೆತದ್ದು ಆಮೇಲೆ, 1938ರಲ್ಲಿ. ನಿಜಾಮರ ಸೀಮೆಯ ಕಲಬುರ್ಗಿಯಿಂದ ಬಂದ ಎಸ್. ಎಂ. ಪಂಡಿತರೂ ಇದೇ ಹೊಸ್ತಿಲನ್ನು ದಾಟಿ ಜೆ. ಜೆ. ಶಾಲೆಗೆ ಹೋದರು. ಒಬ್ಬರು ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯಲ್ಲಿ ಕಲಿತು ಬಂದರು. ಇನ್ನೊಬ್ಬರು 1949ರ ‘ಬರ್ಸಾತ್’ ಚಿತ್ರದ ಭಿತ್ತಿಪತ್ರದಿಂದ ಬೀದಿಬೀದಿಗೆ ಪರಿಚಿತರಾದರು. ಒಂದೇ ಗುರುವಿನ ಕೈಕೆಳಗೆ ಇಷ್ಟು ಬೇರೆ ಬೇರೆ ಕೈಗಳು ಬೆಳೆದುದು ನನಗಂತೂ ಸೋಜಿಗ.

ಸರಕಾರದ ಶಾಲೆಯಿರುವಾಗ ಖಾಸಗಿ ಶಾಲೆಯೇಕೆಂದು ನೀವು ಕೇಳಬಹುದು. ಪರವೂರಿನಲ್ಲಿ, ತನ್ನ ನುಡಿ ಬಲ್ಲ ಗುರು ಪಕ್ಕಕ್ಕೆ ಕುಳಿತು ತಪ್ಪು ಗೆರೆಯನ್ನು ತಿದ್ದುವುದೆಂದರೆ ಹಳ್ಳಿಯ ಹುಡುಗನಿಗೆ ಸಣ್ಣ ಭಾಗ್ಯವೆ? ಶಿಷ್ಯರ ಚರಿತ್ರೆಗಳಲ್ಲಿ ಆ ಗುರುವಿಗೆ ದಕ್ಕುವುದು ಬಹಳವೆಂದರೆ ಒಂದು ಸಾಲು. ಇದು ನನಗೆ ಸರಿತೋರದು.

ಕ್ರಮೇಣ ಹೊಸ್ತಿಲು ಮನೆಯ ಹತ್ತಿರಕ್ಕೇ ಬಂದಿತು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಶಾಲೆ ತೆರೆದರು. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ಹುಡುಗರನ್ನು ಕೂಡಿಸಿಕೊಂಡು ಕಲಿಸಿದರು. 1935ರಲ್ಲಿ ಅದೇ ಊರಲ್ಲಿ ಹುಟ್ಟಿದ ರವಿ ಪರಾಂಜಪೆಯವರು ಅವರ ಬಳಿ ಕಲಿತ ಮೇಲೆಯೇ ಮುಂಬಯಿಗೆ ಹೊರಟರು.